ಹಳೇ ಪೇಟೆಯ ಬೀದಿಗೆ ಗಿರಾಕಿ ಮರಳಬೇಕಾದರೆ ಮೊದಲು ಯಾರು ಸೇರಬೇಕು?

ಪ್ರಶ್ನೆ: ದಾವಣಗೆರೆಯ ಹಳೇ ಪೇಟೆ ಭಾಗದಲ್ಲಿ ನಮ್ಮದು ಎರಡು ತಲೆಮಾರಿನ ಪಾತ್ರೆ ಅಂಗಡಿ. ಬೀದಿಯಲ್ಲಿ ಸುಮಾರು ಅರವತ್ತು ಅಂಗಡಿಗಳಿದ್ದು, ಅವುಗಳಲ್ಲಿ ಹನ್ನೆರಡರ ಷಟರ್ ವರ್ಷದಿಂದ ತೆರೆದಿಲ್ಲ. ಗಿರಾಕಿಗಳು ಹೊಸ ಬಡಾವಣೆಗಳ ದೊಡ್ಡ ಮಳಿಗೆಗಳಿಗೆ ಹೋಗುತ್ತಿದ್ದಾರೆ, ಇಲ್ಲವೇ ಮೊಬೈಲಿನಲ್ಲೇ ತರಿಸಿಕೊಳ್ಳುತ್ತಿದ್ದಾರೆ. ಪಾಲಿಕೆ ರಸ್ತೆ ಅಗಲ ಮಾಡಿ ತಳ್ಳುಗಾಡಿಗಳನ್ನು ತೆಗೆಸಿದರೆ ಎಲ್ಲವೂ ಸರಿಹೋಗುತ್ತದೆ ಎಂಬುದು ನಮ್ಮ ವರ್ತಕರಲ್ಲಿ ಹಲವರ ಅಭಿಪ್ರಾಯ. ಬೀದಿಯ ಜನರೇ ಸೇರಿ ಏನಾದರೂ ಮಾಡಲು ಸಾಧ್ಯವೇ? ಎಲ್ಲಿಂದ ಆರಂಭಿಸಬೇಕು, ಹಣ ಎಲ್ಲಿಂದ ಬರಬೇಕು?

ಉತ್ತರ: ಖಂಡಿತ ಸಾಧ್ಯ. ಆದರೆ ಯಾವುದನ್ನು ಮೊದಲು ಮಾಡುತ್ತೀರಿ ಎಂಬುದರ ಮೇಲೆ ಫಲ ನಿಂತಿದೆ. ಬೀದಿಯ ಅಭಿವೃದ್ಧಿ ಎಂದೊಡನೆ ನಮ್ಮ ಊರುಗಳಲ್ಲಿ ಎಲ್ಲರ ಕಣ್ಣ ಮುಂದೆ ಬರುವುದು ಹೊಸ ಕಾಂಕ್ರೀಟು, ಕಲ್ಲು ಹಾಸು, ಸ್ವಾಗತ ಕಮಾನು, ಅಲಂಕಾರದ ದೀಪದ ಕಂಬ. ಇವನ್ನು ಸರ್ಕಾರದ ಒಂದು ಯೋಜನೆ ಎರಡು ವರ್ಷದಲ್ಲಿ ಕಟ್ಟಿಕೊಡಬಲ್ಲದು. ಹಾಗೆ ಕಟ್ಟಿದ್ದನ್ನು ಮುಂದಿನ ಹತ್ತು ವರ್ಷ ಯಾರು ನೋಡಿಕೊಳ್ಳಬೇಕು ಎಂಬುದಕ್ಕೆ ಮಾತ್ರ ಯೋಜನೆಯ ಕಡತಗಳಲ್ಲಿ ಉತ್ತರ ಸಿಗುವುದು ಅಪರೂಪ. ಆದ್ದರಿಂದ ಬೀದಿಯ ಎಲ್ಲ ಬಗೆಯ ಜನರು ಕೂತು ಮಾತನಾಡುವ ಒಂದು ಸಂಘವನ್ನು ಮೊದಲು ಕಟ್ಟಿ, ಬೀದಿಯ ದಿನನಿತ್ಯದ ನಿಗಾವನ್ನು ಆ ಸಂಘದ ಕೈಗೆ ಕೊಟ್ಟು, ಕಾಮಗಾರಿಯ ಮಾತನ್ನು ಕೊನೆಗೆ ಇಟ್ಟುಕೊಳ್ಳಿ ಎಂಬುದು ನನ್ನ ಸ್ಪಷ್ಟ ಸಲಹೆ.

ನಿಮ್ಮ ಪೇಟೆ ಹುಟ್ಟಿದ ರೀತಿಯನ್ನು ಇಲ್ಲಿ ಸ್ಮರಿಸಬೇಕು. ಹೈದರಾಲಿಯು ದಾವಣಗೆರೆಯನ್ನು ಅಪ್ಪೋಜಿರಾಮ ಎಂಬ ಮರಾಠಾ ಸರದಾರನಿಗೆ ಜಹಗೀರಾಗಿ ಕೊಟ್ಟಾಗ, ಆತ ಹೊರಗಿನ ವರ್ತಕರಿಗೆ ಇಲ್ಲಿ ಬಂದು ನೆಲೆಸುವಂತೆ ಉತ್ತೇಜನ ಕೊಟ್ಟದ್ದು ಹಳೆಯ ಗೆಜೆಟಿಯರಿನಲ್ಲಿ ದಾಖಲಾಗಿದೆ. ಕೋಟೆಯ ಸುತ್ತ ಬೆಳೆದ ಚಿತ್ರದುರ್ಗದಂತಲ್ಲದೆ ಈ ಊರು ವ್ಯಾಪಾರದಿಂದಲೇ ಬೆಳೆದದ್ದು. ಹತ್ತಿ ಗಿರಣಿಗಳು ಬಂದು ‘ಕರ್ನಾಟಕದ ಮ್ಯಾಂಚೆಸ್ಟರ್’ ಎಂಬ ಹೆಸರು ತಂದದ್ದು ಅನಂತರ. ಗಿರಣಿಗಳ ಸದ್ದು ಅಡಗಿದ ಮೇಲೂ ಪೇಟೆ ಉಳಿಯಿತು. ಹರಿಹರ, ಹೊನ್ನಾಳಿ, ಜಗಳೂರು, ಚನ್ನಗಿರಿ, ಹರಪನಹಳ್ಳಿಗಳ ಕಡೆಯ ಕುಟುಂಬಗಳು ಮದುವೆಯ ಜವಳಿಗೆ, ಪಾತ್ರೆಗೆ, ಒಡವೆಗೆ ಇಂದಿಗೂ ದಾವಣಗೆರೆಗೆ ಬರುತ್ತವೆ. ನಿಮ್ಮ ನಿಜವಾದ ಬಂಡವಾಳ ಇದೇ. ಒಂದು ಮದುವೆಯ ಸಾಮಾನು ಪೂರ್ತಿ ಒಂದೇ ಬೀದಿಯಲ್ಲಿ, ನೋಡಿ, ಮುಟ್ಟಿ, ಚೌಕಾಸಿ ಮಾಡಿ, ಪರಿಚಯದ ಮೇಲೆ ಅರ್ಧ ಉದ್ರಿಗೂ ಸಿಗುವ ಅನುಕೂಲವನ್ನು ಮೊಬೈಲಿನ ಖರೀದಿ ಕೊಡಲಾರದು. ಆ ಕುಟುಂಬ ನಾಲ್ಕು ತಾಸು ನೆಮ್ಮದಿಯಿಂದ ನಿಮ್ಮ ಬೀದಿಯಲ್ಲಿ ಕಳೆಯುವಂತಿದೆಯೇ ಎಂಬುದನ್ನೇ ನೀವು ಮೊದಲು ಕೇಳಿಕೊಳ್ಳಬೇಕು.

ಬೀದಿಯ ಜನ ಎಂದರೆ ಯಾರು ಎಂಬ ವಿಚಾರದಲ್ಲಿ ಆರಂಭದಲ್ಲೇ ಎಚ್ಚರ ಬೇಕು. ವರ್ತಕರ ಸಂಘವೇ ಇಡೀ ಸಮುದಾಯ ಎಂದು ಭಾವಿಸುವುದು ನಮ್ಮಲ್ಲಿ ರೂಢಿ. ಅಂಗಡಿ ನಡೆಸುವ ಬಾಡಿಗೆದಾರ, ಬೇರೆ ಊರಿನಲ್ಲಿ ಕೂತು ಬಾಡಿಗೆ ಪಡೆಯುವ ಕಟ್ಟಡದ ಮಾಲೀಕ, ಮೂಲೆಯಲ್ಲಿ ಹೂವು, ನಿಂಬೆಹಣ್ಣು ಮಾರುವ ಹೆಂಗಸು, ಗೂಡ್ಸ್ ಆಟೊದವರು, ಹಮಾಲರು, ಅಂಗಡಿಯ ಮಹಡಿಯಲ್ಲಿ ಸಂಸಾರ ಮಾಡುತ್ತಿರುವವರು, ಬೀದಿಯ ಗುಡಿ ಅಥವಾ ಮಸೀದಿಯ ಸಮಿತಿಯವರು, ಇವರೆಲ್ಲರಿಗೂ ಈ ಬೀದಿಯಲ್ಲಿ ಪಾಲಿದೆ ಮತ್ತು ಇವರ ಹಿತಗಳು ಒಂದೇ ಅಲ್ಲ. ಬಾಡಿಗೆದಾರನಿಗೆ ಈ ತಿಂಗಳ ವ್ಯಾಪಾರ ಮುಖ್ಯವಾದರೆ ಮಾಲೀಕನಿಗೆ ನಿವೇಶನದ ಬೆಲೆ ಮುಖ್ಯ. ಮಹಡಿಯ ಮನೆಯವರಿಗೆ ರಾತ್ರಿಯ ನಿದ್ದೆ ಮುಖ್ಯ. ಈ ಭಿನ್ನತೆಯನ್ನು ಮುಚ್ಚಿಟ್ಟು ಕಟ್ಟಿದ ಸಂಘ ಮೊದಲ ಜಗಳಕ್ಕೇ ಒಡೆಯುತ್ತದೆ. ಅದನ್ನು ಮೊದಲ ಸಭೆಯಲ್ಲೇ ಬಾಯಿಬಿಟ್ಟು ಹೇಳಿ, ಎಲ್ಲರೂ ಒಪ್ಪಬಲ್ಲ ಎರಡೋ ಮೂರೋ ಸಂಗತಿಗಳನ್ನು ಮಾತ್ರ ಕೈಗೆತ್ತಿಕೊಂಡರೆ ಅದು ನಿಲ್ಲುತ್ತದೆ. ಬೀದಿಗೆ ಬರುವ ಗಿರಾಕಿಗಳಲ್ಲಿ ದೊಡ್ಡ ಪಾಲು ಹೆಂಗಸರಾದ್ದರಿಂದ ಸಮಿತಿಯಲ್ಲಿ ಅವರಿಗೆ ಸ್ಥಾನವಿರಬೇಕು ಎಂಬುದನ್ನು ನಾನು ಒತ್ತಿ ಹೇಳುತ್ತೇನೆ. ಹತ್ತಿರದ ಓಣಿಗಳ ಸ್ತ್ರೀಶಕ್ತಿ ಗುಂಪುಗಳಿಂದ ಇಬ್ಬರನ್ನು ಕರೆತರುವುದು ಕಷ್ಟವೇನಲ್ಲ.

ಈಗ ತಳ್ಳುಗಾಡಿಗಳ ವಿಷಯ. ನಿಮ್ಮ ಸಹವರ್ತಕರ ಅಭಿಪ್ರಾಯವನ್ನು ನಾನು ಒಪ್ಪುವುದಿಲ್ಲ, ಕಾನೂನೂ ಒಪ್ಪುವುದಿಲ್ಲ. 2014ರ ಬೀದಿ ಬದಿ ವ್ಯಾಪಾರಿಗಳ ಅಧಿನಿಯಮದ ಪ್ರಕಾರ, ಸಮೀಕ್ಷೆ ಮುಗಿದು ಮಾರಾಟದ ಪ್ರಮಾಣಪತ್ರ ಕೊಡುವವರೆಗೆ ಇರುವ ವ್ಯಾಪಾರಿಗಳನ್ನು ಎಬ್ಬಿಸುವಂತಿಲ್ಲ, ಆಮೇಲೆ ಸ್ಥಳಾಂತರ ಅನಿವಾರ್ಯವಾದರೂ 30 ದಿನಗಳ ಸೂಚನೆ ಕೊಡಬೇಕು. ಅದೇ ಕಾಯ್ದೆಯಂತೆ ಪಾಲಿಕೆಯ ಆಯುಕ್ತರ ಅಧ್ಯಕ್ಷತೆಯ ಪಟ್ಟಣ ವ್ಯಾಪಾರ ಸಮಿತಿಯಲ್ಲಿ ಶೇಕಡ 40ಕ್ಕೆ ಕಡಿಮೆಯಿಲ್ಲದಷ್ಟು ಸದಸ್ಯರು ಬೀದಿ ವ್ಯಾಪಾರಿಗಳೇ ಆಗಿರಬೇಕು, ಅವರಲ್ಲಿ ಮೂರನೆಯ ಒಂದು ಭಾಗ ಮಹಿಳೆಯರಿರಬೇಕು. ವರ್ತಕರ ಸಂಘಗಳಿಗೂ ನಿವಾಸಿಗಳ ಸಂಘಗಳಿಗೂ ಆ ಸಮಿತಿಯಲ್ಲಿ ಪ್ರಾತಿನಿಧ್ಯದ ಅವಕಾಶವಿದೆ ಎಂಬುದು ಹೆಚ್ಚಿನವರ ಗಮನಕ್ಕೇ ಬಂದಿರುವುದಿಲ್ಲ. ತಳ್ಳುಗಾಡಿ ಎಲ್ಲಿ ನಿಲ್ಲಬೇಕು, ಎಷ್ಟು ಹೊತ್ತು ನಿಲ್ಲಬೇಕು ಎಂಬುದನ್ನು ಪೊಲೀಸರಿಗೆ ದೂರು ಕೊಟ್ಟು ತೀರ್ಮಾನಿಸುವುದಕ್ಕಿಂತ ಆ ಮೇಜಿನ ಮುಂದೆ ಕೂತು ತೀರ್ಮಾನಿಸುವುದು ಉಭಯತರಿಗೂ ಗೌರವದ ದಾರಿ.

ಕಾನೂನನ್ನು ಬದಿಗಿಟ್ಟು ವ್ಯಾಪಾರದ ಲೆಕ್ಕದಿಂದ ನೋಡಿದರೂ ಇದೇ ಸರಿ. ಹೂವು, ಹಣ್ಣು, ಬಳೆ, ಮಂಡಕ್ಕಿ ಮಿರ್ಚಿಗಾಗಿ ದಿನವೂ ಬರುವ ಜನರೇ ಬೀದಿಯನ್ನು ಜೀವಂತವಾಗಿ ಇಡುವವರು. ಪಾತ್ರೆಯನ್ನೋ ಸೀರೆಯನ್ನೋ ಯಾರೂ ದಿನವೂ ಕೊಳ್ಳುವುದಿಲ್ಲ. ದಿನವೂ ಹಾದುಹೋಗುವವರ ಕಣ್ಣಿಗೆ ನಿಮ್ಮ ಅಂಗಡಿ ಬಿದ್ದಿರುತ್ತದೆ ಎಂಬ ಕಾರಣಕ್ಕೇ ಬೇಕಾದಾಗ ಅವರು ನಿಮ್ಮಲ್ಲಿಗೆ ಬರುತ್ತಾರೆ. ತಳ್ಳುಗಾಡಿಗಳನ್ನು ತೆರವುಗೊಳಿಸಿದ ಬೀದಿ ವಿಶಾಲವಾಗುವುದು ನಿಜ, ಆದರೆ ಆ ಜಾಗ ಸಾಮಾನ್ಯವಾಗಿ ಕಾರುಗಳಿಂದ ತುಂಬಿಕೊಳ್ಳುತ್ತದೆ. ರಸ್ತೆ ಅಗಲೀಕರಣದ ಬಗೆಗೂ ನನ್ನ ಆಕ್ಷೇಪ ಇದೇ. ವಾಹನಗಳು ವೇಗವಾಗಿ ಹಾದುಹೋಗುವ ಬೀದಿಯಲ್ಲಿ ಜನ ನಿಂತು ಅಂಗಡಿ ನೋಡುವುದಿಲ್ಲ, ಈ ಬದಿಯವರು ಆ ಬದಿಗೆ ದಾಟುವುದಿಲ್ಲ.

ಹಾಗಾದರೆ ಮೊದಲ ಕೆಲಸ ಯಾವುದು? ಎಣಿಸುವುದು. ಯಾವ ಬದಲಾವಣೆಗೂ ಮುನ್ನ ಒಂದು ಸಾಮಾನ್ಯ ವಾರದ ದಿನ, ಒಂದು ಭಾನುವಾರ ಹಾಗೂ ಲಗ್ನದ ಹಂಗಾಮಿನ ಒಂದು ದಿನ, ಬೀದಿಯ ಎರಡು ತುದಿಗಳಲ್ಲೂ ನಡುವೆಯೂ ಕಾಲೇಜು ವಿದ್ಯಾರ್ಥಿಗಳನ್ನು ಕೂರಿಸಿ, ಬೆಳಗಿನಿಂದ ರಾತ್ರಿಯವರೆಗೆ ತಾಸಿಗೆ ಎಷ್ಟು ಜನ ನಡೆದುಹೋದರು, ಅವರಲ್ಲಿ ಹೆಂಗಸರೆಷ್ಟು, ಮುದುಕರೆಷ್ಟು, ಎಷ್ಟು ಜನ ಕೈಚೀಲದೊಂದಿಗೆ ಹೊರಟರು ಎಂದು ಬರೆದಿಡಿ. ಷಟರ್ ಎಳೆದ ಅಂಗಡಿಗಳು, ಉರಿಯದ ದೀಪಗಳು, ಒಡೆದ ಚರಂಡಿ ಹಾಸುಗಳು ಎಲ್ಲೆಲ್ಲಿವೆ ಎಂದು ಒಂದು ನಕ್ಷೆ ಮಾಡಿ. ಜೊತೆಗೆ ವಾಹನಗಳನ್ನೂ ಎಣಿಸಿ, ಏಕೆಂದರೆ ಪಾರ್ಕಿಂಗ್ ಇಲ್ಲ ಎಂಬ ದೂರು ನಮ್ಮ ಪೇಟೆಗಳಲ್ಲಿ ಎಲ್ಲರ ಬಾಯಲ್ಲೂ ಇದೆ, ಅಂಗಡಿ ಮುಂದೆ ನಿಂತ ಗಾಡಿ ಯಾರದು ಎಂದು ಕೇಳುವವರು ಕಡಿಮೆ. ಅರವತ್ತು ಅಂಗಡಿಗಳ ಮಾಲೀಕರು ಮತ್ತು ಕೆಲಸದವರು ಬೆಳಿಗ್ಗೆ ತಂದು ನಿಲ್ಲಿಸುವ ಸ್ಕೂಟರ್, ಬೈಕುಗಳೇ ನೂರನ್ನು ಮುಟ್ಟಬಹುದು. ಒಬ್ಬ ಗಿರಾಕಿ ಅರ್ಧ ತಾಸು ಗಾಡಿ ನಿಲ್ಲಿಸುತ್ತಾನೆ ಎಂದಿಟ್ಟುಕೊಂಡರೆ, ಅಂಗಡಿಯವರ ಒಂದು ಗಾಡಿ ಹತ್ತು ತಾಸು ಹಿಡಿದಿಟ್ಟ ಜಾಗದಲ್ಲಿ ಇಪ್ಪತ್ತು ಗಿರಾಕಿಗಳು ಬಂದುಹೋಗಬಹುದಿತ್ತು. ಐದು ನಿಮಿಷದ ನಡಿಗೆಯ ಯಾವುದಾದರೂ ಖಾಲಿ ನಿವೇಶನವನ್ನೋ ಕಲ್ಯಾಣ ಮಂಟಪದ ಆವರಣವನ್ನೋ ತಿಂಗಳ ಬಾಡಿಗೆಗೆ ಗೊತ್ತುಮಾಡಿ, ಅಂಗಡಿಯವರೆಲ್ಲರೂ ತಮ್ಮ ಗಾಡಿಗಳನ್ನು ಅಲ್ಲಿ ಬಿಡುತ್ತೇವೆಂದು ಒಪ್ಪುವುದು ಪಾಲಿಕೆಯ ಒಂದು ಪೈಸೆಯೂ ಬೇಡದ ಸುಧಾರಣೆ. ಗೂಡ್ಸ್ ಆಟೊ, ಲಾರಿಗಳು ಬೆಳಿಗ್ಗೆ ಹತ್ತರೊಳಗೆ ಮತ್ತು ರಾತ್ರಿ ಎಂಟರ ನಂತರವೇ ಮಾಲು ಇಳಿಸಬೇಕೆಂಬ ಒಪ್ಪಂದ ಎರಡನೆಯದು. ಇದನ್ನು ಮಾತ್ರ ಹಮಾಲರೊಂದಿಗೆ ಕೂತು, ಅವರ ದಿನಗೂಲಿಗೆ ಏಟು ಬೀಳದಂತೆ ಹೊಂದಿಸಬೇಕು. ಈ ಎರಡು ಮಾತುಗಳನ್ನು ಆರು ತಿಂಗಳು ಉಳಿಸಿಕೊಂಡ ಸಂಘಕ್ಕೆ ಮುಂದಿನ ಯಾವ ಕೆಲಸವೂ ಭಾರವಾಗದು, ಉಳಿಸಿಕೊಳ್ಳಲಾಗದ ಸಂಘದ ಕೈಗೆ ಕೋಟಿ ರೂಪಾಯಿಯ ಕಾಮಗಾರಿ ಬಂದರೂ ಪ್ರಯೋಜನವಿಲ್ಲ.

ಮೂರನೆಯದು ಶೌಚಾಲಯ. ಜವಳಿಗೆಂದು ಹಳ್ಳಿಯಿಂದ ಬೆಳಿಗ್ಗೆಯೇ ಬಸ್ಸು ಹತ್ತಿದ ತಾಯಿ, ಮಗಳು, ಅತ್ತಿಗೆಯರು ಮಧ್ಯಾಹ್ನದ ಹೊತ್ತಿಗೆ ಹೊಸ ಮಳಿಗೆಯತ್ತ ಹೋಗುವುದಕ್ಕೆ ಅಲ್ಲಿನ ಏರ್ ಕಂಡಿಷನ್ ಒಂದೇ ಕಾರಣ ಎಂದು ತಿಳಿಯಬೇಡಿ. ಅಲ್ಲಿ ಶುಚಿಯಾದ ಶೌಚಾಲಯವಿದೆ, ಕೂರಲು ಕುರ್ಚಿಯಿದೆ, ಕುಡಿಯಲು ನೀರಿದೆ. ದಾವಣಗೆರೆಯ ಏಪ್ರಿಲ್ ಬಿಸಿಲಿನಲ್ಲಿ, ಅದೂ ಲಗ್ನದ ಹಂಗಾಮಿನಲ್ಲಿ, ಇವುಗಳ ಬೆಲೆ ಏನೆಂದು ಹೆಂಗಸರನ್ನು ಕೇಳಿದರೆ ತಿಳಿಯುತ್ತದೆ. ಹೊಸ ಕಟ್ಟಡ ಕಟ್ಟಲು ಕಾಯಬೇಕಾಗಿಲ್ಲ. ಬೀದಿಯ ಮೂರು ನಾಲ್ಕು ದೊಡ್ಡ ಅಂಗಡಿಗಳವರೂ ಹೋಟೆಲಿನವರೂ ತಮ್ಮ ಶೌಚಾಲಯವನ್ನು ಖರೀದಿಯ ಷರತ್ತಿಲ್ಲದೆ ಹೆಂಗಸರಿಗೆ ತೆರೆದಿಟ್ಟು, ಬಾಗಿಲಿಗೆ ಒಂದು ಫಲಕ ಹಾಕಿ, ಅದನ್ನು ಶುಚಿಯಾಗಿಡುವ ಖರ್ಚಿನಲ್ಲಿ ಸಂಘ ಪಾಲು ಕೊಟ್ಟರೆ ಸಾಕು. ಬಿಸಿಲಿಗೆ ಅಂಗಡಿಗಳ ಮುಂದೆ ಒಂದೇ ಎತ್ತರದ ಬಟ್ಟೆಯ ನೆರಳು, ಅಲ್ಲಲ್ಲಿ ಒಂದು ಬೆಂಚು, ಕುಡಿಯುವ ನೀರು, ಇಷ್ಟಾದರೆ ನಾಲ್ಕು ತಾಸಿನ ಖರೀದಿಗೆ ಬೀದಿ ಸಿದ್ಧವಾದಂತೆ. ಬೋರ್ಡುಗಳ ಬಣ್ಣ, ಕಮಾನಿನ ವಿನ್ಯಾಸ ಇತ್ಯಾದಿಗಳ ಬಗ್ಗೆ ನಾನು ಹೆಚ್ಚು ಹೇಳುವುದಿಲ್ಲ, ಅವು ಕಾಯಬಹುದು.

ಹಣದ ಪ್ರಶ್ನೆಗೆ ಕೆನಡಾದ ಟೊರಾಂಟೊ ನಗರದ ಬ್ಲೋರ್ ವೆಸ್ಟ್ ವಿಲೇಜ್ ಎಂಬ ಪೇಟೆಯ ಅನುಭವ ನೆರವಾಗುತ್ತದೆ. 1960ರ ದಶಕದಲ್ಲಿ ಅಲ್ಲಿ ನೆಲದಡಿಯ ರೈಲು ಬಂದು ಜನ ಬೀದಿಯ ಮೇಲೆ ಓಡಾಡುವುದೇ ಕಡಿಮೆಯಾಯಿತು, ಸುತ್ತಲಿನ ಹೊಸ ಮಾಲ್‌ಗಳು ಗಿರಾಕಿಗಳನ್ನು ಸೆಳೆದವು. ಅಲ್ಲಿಯ ವರ್ತಕರು ಮೊದಲು ಸ್ವಂತ ಇಚ್ಛೆಯ ವಂತಿಗೆಯಿಂದಲೇ ಬೀದಿಯನ್ನು ನೋಡಿಕೊಂಡರು. ಆದರೆ ಕೆಲವರು ಕೊಡುವುದು, ಎಲ್ಲರೂ ಲಾಭ ಪಡೆಯುವುದು ಎಂಬ ಸ್ಥಿತಿ ಅಲ್ಲಿಯೂ ಬಂತು. ಕೊನೆಗೆ ಅವರೇ ಸರ್ಕಾರವನ್ನು ಕೇಳಿ, ಆ ಪ್ರದೇಶದ ಎಲ್ಲ ವಾಣಿಜ್ಯ ಆಸ್ತಿಗಳ ಮೇಲೂ ಒಂದು ಹೆಚ್ಚುವರಿ ಕರ ವಿಧಿಸಿ, ಅದನ್ನು ನಗರಸಭೆ ವಸೂಲು ಮಾಡಿ, ಬೀದಿಯವರೇ ಆರಿಸಿದ ಮಂಡಳಿಗೆ ಖರ್ಚು ಮಾಡಲು ಕೊಡುವ ವ್ಯವಸ್ಥೆಯನ್ನು 1970ರಲ್ಲಿ ಪಡೆದರು. ಆ ಬಗೆಯ ವ್ಯವಸ್ಥೆ ಜಗತ್ತಿನಲ್ಲಿ ಅದೇ ಮೊದಲು; ಈಗ ಟೊರಾಂಟೊದಲ್ಲೇ ಅಂಥ ಎಂಬತ್ತಕ್ಕೂ ಹೆಚ್ಚು ಪ್ರದೇಶಗಳಿವೆ. ಸ್ವಂತ ಇಚ್ಛೆಯ ಚಂದಾ ಎಲ್ಲಿ ಸೋಲುತ್ತದೆ ಎಂಬುದನ್ನು ಈ ಕಥೆ ಸ್ಪಷ್ಟವಾಗಿ ತೋರಿಸುತ್ತದೆ.

ಅಂಥ ಕಡ್ಡಾಯ ಕರದ ದಾರಿ ಸದ್ಯಕ್ಕೆ ನಿಮ್ಮ ಬೀದಿಗೆ ತೆರೆದಿಲ್ಲವಾದ್ದರಿಂದ ಚಂದಾ ಕೊಡುವುದನ್ನೇ ಮರ್ಯಾದೆಯ ವಿಷಯವನ್ನಾಗಿ ಮಾಡಬೇಕು. 1960ರ ಕರ್ನಾಟಕ ಸಂಘಗಳ ನೋಂದಣಿ ಅಧಿನಿಯಮದಡಿ ಏಳು ಜನ ಸೇರಿದರೆ ಸಂಘವನ್ನು ನೋಂದಾಯಿಸಬಹುದು. ಪ್ರತಿ ವರ್ಷ ಸರ್ವಸದಸ್ಯರ ಸಭೆ ನಡೆಸಿ ಲೆಕ್ಕಪತ್ರ ಸಲ್ಲಿಸಬೇಕಾಗುತ್ತದೆ ಎಂಬ ಕಟ್ಟುಪಾಡೇ ಅದರ ಉಪಯೋಗ. ಉದಾಹರಣೆಗೆ, ತೆರೆದಿರುವ ಅಂಗಡಿಗಳಲ್ಲಿ ನಲವತ್ತು ತಿಂಗಳಿಗೆ 500 ರೂಪಾಯಿಯಂತೆ ಕೊಟ್ಟರೂ 20,000 ರೂಪಾಯಿ ಆಗುತ್ತದೆ. ಇದರಲ್ಲಿ ಸಂಜೆಯ ಇನ್ನೊಂದು ಸುತ್ತಿನ ಕಸಗುಡಿಕೆ, ಶೌಚಾಲಯಗಳ ಶುಚಿತ್ವದ ಪಾಲು, ಬಲ್ಬು ಬದಲಾವಣೆಯಂಥ ಚಿಲ್ಲರೆ ರಿಪೇರಿ ಹಾಗೂ ಅರ್ಧ ದಿನದ ಒಬ್ಬ ಸಂಚಾಲಕರ ಗೌರವಧನ ನಡೆಯಬಹುದು. ಮೊತ್ತ ಎಲ್ಲರಿಗೂ ಒಂದೇ ಇರಬೇಕಿಲ್ಲ. ಅಂಗಡಿ ಮುಂಭಾಗದ ಅಡಿಯ ಲೆಕ್ಕದಲ್ಲಿ ನಿಗದಿ ಮಾಡಿದರೆ ಸಣ್ಣವರಿಗೆ ಹೊರೆಯಾಗದು, ತಳ್ಳುಗಾಡಿಯವರು ದಿನಕ್ಕೆ ಐದು ರೂಪಾಯಿ ಕೊಟ್ಟರೂ ಅವರು ಸಂಘದಲ್ಲಿ ಹಕ್ಕಿನಿಂದ ಮಾತನಾಡಬಲ್ಲರು. ತಿಂಗಳ ಜಮಾ ಖರ್ಚನ್ನು ಬೀದಿಯ ಎರಡೂ ತುದಿಗಳಲ್ಲಿ ಹಲಗೆಯ ಮೇಲೆ ಬರೆದು ಹಾಕಿ. ಲೆಕ್ಕ ಕಣ್ಣಿಗೆ ಕಾಣುವ ಕಡೆ ಚಂದಾ ಕೇಳುವ ಮುಜುಗರ ಅರ್ಧ ಕಡಿಮೆಯಾಗುತ್ತದೆ.

ಸಂಚಾಲಕರನ್ನು ಸಂಬಳ ಕೊಟ್ಟು ನೇಮಿಸುವುದು ದುಂದುವೆಚ್ಚ ಎಂದು ನಿಮ್ಮವರು ಹೇಳಬಹುದು. ಅಮೆರಿಕದಲ್ಲಿ 1977ರಲ್ಲಿ ಗೇಲ್ಸ್‌ಬರ್ಗ್, ಮ್ಯಾಡಿಸನ್, ಹಾಟ್ ಸ್ಪ್ರಿಂಗ್ಸ್ ಎಂಬ ಮೂರು ಸಣ್ಣ ಊರುಗಳ ಹಳೆಯ ಪೇಟೆಬೀದಿಗಳನ್ನು ಪ್ರಯೋಗಕ್ಕೆ ಆರಿಸಿಕೊಂಡಾಗ, ಪ್ರತಿ ಊರಿಗೂ ಅದೇ ಕೆಲಸಕ್ಕೆಂದು ಒಬ್ಬ ವ್ಯವಸ್ಥಾಪಕರನ್ನು ನೇಮಿಸಲಾಗಿತ್ತು. ಅದರ ಅನುಭವದ ಮೇಲೆಯೇ 1980ರಲ್ಲಿ ‘ಮೇನ್ ಸ್ಟ್ರೀಟ್’ ಕಾರ್ಯಕ್ರಮ ರಾಷ್ಟ್ರಮಟ್ಟದಲ್ಲಿ ಆರಂಭವಾಯಿತು. ಸಂಘಟನೆ, ಪ್ರಚಾರ, ವಿನ್ಯಾಸ, ಆರ್ಥಿಕ ಚೈತನ್ಯ ಎಂಬ ಅದರ ನಾಲ್ಕು ಅಂಗಗಳಿಗಿಂತ, ಬೀದಿಯ ಕೆಲಸವನ್ನೇ ತನ್ನ ಕೆಲಸವೆಂದುಕೊಂಡ ಒಬ್ಬ ವ್ಯಕ್ತಿ ಇರಬೇಕು ಎಂಬ ಅಂಶವೇ ನಮಗೆ ಹೆಚ್ಚು ಮುಖ್ಯ. ಗಲ್ಲಾ ಬಿಟ್ಟು ಏಳಲಾಗದ ವರ್ತಕರು ಪಾಲಿಕೆ, ಬೆಸ್ಕಾಂ, ಸಂಚಾರ ಠಾಣೆಗಳಿಗೆ ವಾರವಾರ ಅಲೆಯಲಾರರು. ಅಕೌಂಟ್ಸ್ ಬಲ್ಲ, ಜನರೊಂದಿಗೆ ಹೊಂದಿಕೊಳ್ಳುವ, ಅದೇ ಓಣಿಯ ಪದವೀಧರೆಯೊಬ್ಬರು ಇದನ್ನು ಚೆನ್ನಾಗಿ ಮಾಡಬಲ್ಲರು.

ಪಾಲಿಕೆಯ ಪಾತ್ರ ಇದರಿಂದ ಕಡಿಮೆಯಾಗುವುದಿಲ್ಲ. ಚರಂಡಿ, ಒಳಚರಂಡಿ, ದೀಪ, ಪಾದಚಾರಿ ಮಾರ್ಗ ಅದರ ಕರ್ತವ್ಯ. ತೆರಿಗೆ ಕೊಡುವ ನೀವು ಅದನ್ನು ಚಂದಾ ಎತ್ತಿ ಮಾಡಬೇಕಾಗಿಲ್ಲ. 2016ರ ಜನವರಿಯಲ್ಲಿ ಪ್ರಕಟವಾದ ಸ್ಮಾರ್ಟ್ ಸಿಟಿಗಳ ಮೊದಲ 20ರ ಪಟ್ಟಿಯಲ್ಲೇ ದಾವಣಗೆರೆ ಇತ್ತು, ಆ ಯೋಜನೆಯ ಅವಧಿ 2025ರ ಮಾರ್ಚ್ 31ಕ್ಕೆ ಮುಗಿಯಿತು. ಮುಂದೆ ಇನ್ನೊಂದು ಹೆಸರಿನ ಯೋಜನೆ ಬಂದೇ ಬರುತ್ತದೆ. ಆಗ ಗುತ್ತಿಗೆದಾರರು ತಂದ ನಕ್ಷೆಯನ್ನು ನೋಡಿ ತಲೆಯಾಡಿಸುವ ಬದಲು, ನಿಮ್ಮ ಎಣಿಕೆಯ ಪಟ್ಟಿ, ನಿಮ್ಮ ನಕ್ಷೆ ಮತ್ತು ಕೆಲಸವನ್ನು ಯಾವ ತಿಂಗಳಲ್ಲಿ ಮಾಡಬಾರದು ಎಂಬ ಷರತ್ತು ನಿಮ್ಮ ಕೈಯಲ್ಲಿರಬೇಕು. ಲಗ್ನದ ಹಂಗಾಮಿನಲ್ಲೋ ದೀಪಾವಳಿಯ ಮುಂಚೆಯೋ ಬೀದಿ ಅಗೆದರೆ ಸಣ್ಣ ಅಂಗಡಿಯವನ ಇಡೀ ವರ್ಷ ಮುಳುಗುತ್ತದೆ. ಅಗೆಯುವಾಗ ಇಡೀ ಬೀದಿಯನ್ನು ಒಮ್ಮೆಲೇ ಅಗೆಯದೆ ತುಂಡು ತುಂಡಾಗಿ, ನೀರು, ವಿದ್ಯುತ್, ಒಳಚರಂಡಿ ಮೂರನ್ನೂ ಒಟ್ಟಿಗೆ ಮುಗಿಸುವಂತೆ ಲಿಖಿತವಾಗಿ ಕೇಳಿ. ಸಂವಿಧಾನದ 243ಎಸ್ ವಿಧಿಯು ಮೂರು ಲಕ್ಷ ಮತ್ತು ಅದಕ್ಕಿಂತ ಹೆಚ್ಚು ಜನಸಂಖ್ಯೆಯ ನಗರಗಳಲ್ಲಿ ವಾರ್ಡ್ ಸಮಿತಿಗಳಿರಬೇಕು ಎನ್ನುತ್ತದೆ. 2011ರ ಜನಗಣತಿಯಲ್ಲೇ ನಾಲ್ಕು ಲಕ್ಷ ದಾಟಿದ್ದ ನಿಮ್ಮ ನಗರಕ್ಕೆ ಅದು ಅನ್ವಯಿಸುತ್ತದೆ. ಬೀದಿಯ ಬೇಡಿಕೆಗಳನ್ನು ಅಲ್ಲಿ ಮಂಡಿಸುವ ಹಕ್ಕನ್ನು ಬಿಟ್ಟುಕೊಡಬೇಡಿ. ದೆಹಲಿಯ ಚಾಂದನಿ ಚೌಕದಲ್ಲಿ 2021ರಿಂದ ಬೆಳಿಗ್ಗೆ ಒಂಬತ್ತರಿಂದ ರಾತ್ರಿ ಒಂಬತ್ತರವರೆಗೆ ಮೋಟಾರು ವಾಹನಗಳಿಗೆ ಪ್ರವೇಶವಿಲ್ಲ. ಅಂಥದ್ದನ್ನು ನಿಮ್ಮಲ್ಲಿ ಒಮ್ಮೆಗೇ ಹೇರುವುದು ಬೇಡ; ದೀಪಾವಳಿಯ ಹಿಂದಿನ ಎರಡು ಭಾನುವಾರ ಸಂಜೆ ಮಾತ್ರ ಸಂಚಾರ ಪೊಲೀಸರ ಅನುಮತಿಯಿಂದ ವಾಹನ ತಡೆದು, ಅಂದಿನ ವ್ಯಾಪಾರವನ್ನು ಹಿಂದಿನ ಭಾನುವಾರಗಳೊಂದಿಗೆ ಹೋಲಿಸಿ ನೋಡಿ. ಎರಡು ವರ್ಷಕ್ಕೊಮ್ಮೆ ನಡೆಯುವ ದುರ್ಗಾಂಬಿಕಾ ದೇವಿ ಜಾತ್ರೆಗೆ ಊರು ತುಂಬ ನೆಂಟರು ಬಂದಿರುತ್ತಾರೆ. ಪೇಟೆಯನ್ನು ಹೊಸಬರಿಗೆ ಪರಿಚಯಿಸಲು ಅದಕ್ಕಿಂತ ಒಳ್ಳೆಯ ಸಂದರ್ಭವಿಲ್ಲ.

ಇನ್ನು ಮುಚ್ಚಿದ ಹನ್ನೆರಡು ಅಂಗಡಿಗಳ ವಿಚಾರ. ನನ್ನ ದೃಷ್ಟಿಯಲ್ಲಿ ಎಲ್ಲಕ್ಕಿಂತ ಸೂಕ್ಷ್ಮವಾದ ಕೆಲಸ ಇದು. ಹಳೆಯ ಬಾಡಿಗೆಗೆ ಕೊಡಲು ಮನಸ್ಸಿಲ್ಲದೆ, ಹೊಸ ಬಾಡಿಗೆಗೆ ಬರುವವರಿಲ್ಲದೆ, ಅಣ್ಣತಮ್ಮಂದಿರ ಪಾಲಿನ ವ್ಯಾಜ್ಯ ಮುಗಿಯದೆ ಷಟರ್‌ಗಳು ಮುಚ್ಚಿರುತ್ತವೆ. ಪ್ರತಿಯೊಬ್ಬ ಮಾಲೀಕರನ್ನೂ ಸಂಘದ ಹಿರಿಯರಿಬ್ಬರು ಹೋಗಿ ಕಾಣಬೇಕು. ಆರು ತಿಂಗಳ ಮಟ್ಟಿಗೆ, ದೊಡ್ಡ ಮುಂಗಡವಿಲ್ಲದೆ, ಕಡಿಮೆ ಬಾಡಿಗೆಗೆ ಹೊಸಬರಿಗೆ ಕೊಡಲು ಒಪ್ಪಿಸಿದರೆ, ರೊಟ್ಟಿ ಚಟ್ನಿಪುಡಿಯ ಮಹಿಳಾ ಗುಂಪು, ಹೊಲಿಗೆಯವರು, ಮೊಬೈಲ್ ರಿಪೇರಿ ಕಲಿತ ಹುಡುಗರು ಅಲ್ಲಿ ಅಂಗಡಿ ಹೂಡಿ ನೋಡಬಹುದು. ಆದರೆ ಬೀದಿ ಚೇತರಿಸಿಕೊಂಡ ಕೂಡಲೇ ಬಾಡಿಗೆ ಏರುತ್ತದೆ. ಚಂದಾ ಕೊಟ್ಟು, ಕಸ ಗುಡಿಸಿ ಬೀದಿಯನ್ನು ಎತ್ತಿ ನಿಲ್ಲಿಸಿದ ಬಾಡಿಗೆದಾರನೇ ಮೊದಲು ಹೊರಬೀಳುವ ಅನ್ಯಾಯ ಅನೇಕ ನಗರಗಳಲ್ಲಿ ನಡೆದಿದೆ. ನಮ್ಮಲ್ಲಿ ಬಳಕೆಯಲ್ಲಿರುವ 11 ತಿಂಗಳ ಕರಾರು ಈ ಅಪಾಯವನ್ನು ಇನ್ನಷ್ಟು ಹೆಚ್ಚಿಸುತ್ತದೆ. ಒಂದು ವರ್ಷಕ್ಕೆ ಮೀರಿದ ಗೇಣಿಪತ್ರವನ್ನು ನೋಂದಾಯಿಸಲೇಬೇಕಾದ್ದರಿಂದ ಖರ್ಚು ಬರುತ್ತದೆ, ನಿಜ. ಹಾಗಿದ್ದರೂ ಐದು ವರ್ಷದ ನೋಂದಾಯಿತ ಕರಾರು ಮತ್ತು ವರ್ಷಕ್ಕೆ ಇಷ್ಟೇ ಪ್ರಮಾಣದ ಬಾಡಿಗೆ ಏರಿಕೆ ಎಂಬುದನ್ನು ಮಾಲೀಕರೊಂದಿಗೆ ಈಗಲೇ, ಬೀದಿ ಇನ್ನೂ ಮಂಕಾಗಿರುವಾಗಲೇ ಮಾತನಾಡಿಕೊಳ್ಳಿ. ವ್ಯಾಪಾರ ಕುದುರಿದ ಮೇಲೆ ಆ ಮಾತಿಗೆ ಒಪ್ಪುವವರು ಸಿಗುವುದಿಲ್ಲ.

ಚಿತ್ರದುರ್ಗದ ಲಕ್ಷ್ಮಿ ಬಜಾರ್ ಕಡೆಯ ಓದುಗರಿಗೂ ಇದರಲ್ಲಿ ಬಹುಪಾಲು ಅನ್ವಯಿಸುತ್ತದೆ. ಕೋಟೆ ನೋಡಲು ಬಂದವರು ಪೇಟೆಗೂ ನಡೆದು ಬರುವಂತೆ ದಾರಿ, ನೆರಳು, ಫಲಕಗಳನ್ನು ಹೊಂದಿಸುವ ಕೆಲಸವೊಂದು ಅಲ್ಲಿ ಹೆಚ್ಚಿಗೆ ಇದೆ.

ಮೊದಲ ಸಭೆಯನ್ನು ಯಾವುದೇ ಅಂಗಡಿಯೊಳಗೆ ಕರೆಯಬೇಡಿ, ಯಜಮಾನಿಕೆಯ ಪ್ರಶ್ನೆ ಅಲ್ಲೇ ಹುಟ್ಟುತ್ತದೆ. ಶಾಲೆಯ ಕೊಠಡಿಯಲ್ಲೋ ಸಮುದಾಯ ಭವನದಲ್ಲೋ, ರಾತ್ರಿ ವ್ಯಾಪಾರ ಮುಗಿದ ಮೇಲಲ್ಲದೆ ಹೆಂಗಸರಿಗೂ ತಳ್ಳುಗಾಡಿಯವರಿಗೂ ಅನುಕೂಲವಾದ ಮಧ್ಯಾಹ್ನದ ಹೊತ್ತಿನಲ್ಲಿ ಕರೆಯಿರಿ. ಅಧ್ಯಕ್ಷರ ಆಯ್ಕೆ ಅಂದು ಬೇಡ. ಎಣಿಕೆಯ ದಿನಗಳು ಯಾವುವು, ಅಂಗಡಿಯವರ ಗಾಡಿಗಳಿಗೆ ಯಾವ ನಿವೇಶನವನ್ನು ಕೇಳಬೇಕು, ಅದಕ್ಕೆ ಯಾರಿಬ್ಬರು ಹೋಗಬೇಕು ಎಂಬ ಮೂರನ್ನು ತೀರ್ಮಾನಿಸಿ, ನಡಾವಳಿ ಪುಸ್ತಕದಲ್ಲಿ ಬರೆದು, ಎಲ್ಲರ ಸಹಿ ಪಡೆದು, ಮುಂದಿನ ಸಭೆಯ ದಿನಾಂಕವನ್ನು ಅಲ್ಲೇ ಗೊತ್ತುಮಾಡಿಕೊಂಡು ಏಳಿ.